ದೂತಾವಾಸದಲ್ಲಿ ಕೇಳಿದ ದನಿ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೊದಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಕಾರಿನ ಸೆನ್ಸರು ಇಲ್ಲದ್ದನ್ನು ಇದೆ ಅಂತ ತೋರಿಸಿದರೆ ಅದಕ್ಕೆ ಕಾರಣ ಹುಡುಕುವುದೇ ನನ್ನ ಕೆಲಸ. ಹುಡುಕಿದರೆ ಸಿಕ್ಕೇ ಸಿಗುತ್ತದೆ. ಇದಕ್ಕೆ ಮಾತ್ರ ಸಿಕ್ಕಿಲ್ಲ. ನೀವು ನಂಬಲೇಬೇಕು ಅಂತಲೂ ಹೇಳುವುದಿಲ್ಲ.

ಆಗ ನಾನು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಂಪನಿಯಲ್ಲಿದ್ದೆ. ಪಕ್ಕದ ಮೇಜಿನವನನ್ನು ಇಲ್ಲಿ ಇಲ್ಯಾಸ್ ಅಂತ ಕರೆಯುತ್ತೇನೆ. ಅವನ ನಿಜವಾದ ಹೆಸರನ್ನಾಗಲಿ ದೇಶದ ಹೆಸರನ್ನಾಗಲಿ ಬರೆಯಲಾರೆ. ಅವನ ಅಪ್ಪ ಅಮ್ಮ ಇನ್ನೂ ಅಲ್ಲೇ ಇದ್ದಾರೆ. ನೋಡನೋಡುತ್ತ ಗಾಜಿನ ಗೋಪುರ, ಚಾಲಕನಿಲ್ಲದ ಮೆಟ್ರೊ ಎಲ್ಲ ಕಟ್ಟಿಕೊಂಡ ದೇಶ ಅದು. ಅವನ ತಂಗಿ ನೂರಾ ಅಲ್ಲಿ ಶಾಲೆಯ ಟೀಚರು. ಮೆಟ್ರೊಗಾಗಿ ಕೆಡವಿದ ಓಣಿಯ ಮಂದಿ ಈಗ ಎಲ್ಲಿದ್ದಾರೆ ಅಂತ ಆಕೆ ಇಂಟರ್ನೆಟ್ಟಿನಲ್ಲಿ ಒಂದೇ ಒಂದು ಸಾಲು ಬರೆದು ಹಾಕಿದ್ದಳು. ಅರ್ಧ ಗಂಟೆಯಲ್ಲಿ ಆ ಸಾಲು ಮಾಯವಾಯಿತು, ಮರುದಿನ ಅವಳೂ. ಜೈಲಿನಲ್ಲಿದ್ದಾಳೆ ಅಂತ ತಿಳಿಯಲಿಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಅದೇ ಹೊತ್ತಿಗೆ ಇಲ್ಯಾಸನ ಪಾಸ್‌ಪೋರ್ಟ್ ಅವಧಿ ಮುಗಿಯುತ್ತ ಬಂತು. ಹೊಸದು ಸಿಗದಿದ್ದರೆ ಇಲ್ಲಿ ಹೆಂಡತಿ, ಮಗಳ ಜೊತೆ ಉಳಿಯುವುದೂ ಕಷ್ಟ. ಅವರ ದೇಶದ ದೂತಾವಾಸ ಬರಹೇಳಿತು. "ಒಬ್ಬನೇ ಒಳಗೆ ಹೋಗೋಕೆ ಭಯ, ಜೊತೆಗೆ ಬಾ" ಅಂದ. ಒಂದು ಮಂಗಳವಾರ ರಜೆ ಹಾಕಿ ಬೆಳಗಿನ ರೈಲು ಹಿಡಿದೆವು.

ಅಧಿಕಾರಿ ಒಳ್ಳೆಯ ಮಾತಿನವನು. ನಮಗಿಬ್ಬರಿಗೂ ಚಹಾ ತರಿಸಿದ. ಗೋಡೆಯ ಟಿವಿಯಲ್ಲಿ ಅವರ ಹೊಸ ನಗರದ ಚಿತ್ರಗಳು ಸದ್ದಿಲ್ಲದೆ ಓಡುತ್ತಿದ್ದವು. ಆಮೇಲೆ ಒಂದು ಹಾಳೆ ಮುಂದೆ ತಳ್ಳಿದ. ಓದುತ್ತ ಇಲ್ಯಾಸನ ಮುಖ ಬಿಳಿಚಿಕೊಂಡಿತು.

"ನೂರಾ ದೇಶದ್ರೋಹಿ, ಅವಳಿಗೂ ನನಗೂ ಸಂಬಂಧ ಇಲ್ಲ ಅಂತ ಬರೆದಿದೆ" ಅಂತ ನನಗೆ ಇಂಗ್ಲಿಷಿನಲ್ಲಿ ಹೇಳಿದ.

"ಒಂದು ಸಹಿ ಅಷ್ಟೆ" ಅಂದ ಅಧಿಕಾರಿ.

ಇಲ್ಯಾಸ್ ನನ್ನ ಮುಖ ನೋಡಿದ. ನನಗೆ ಅವನ ಮಗಳು ನೆನಪಾದಳು. "ಹಾಕಿಬಿಡು, ಬರೀ ಕಾಗದ" ಅಂದೆ.

ಅವನು ಪೆನ್ನು ತೆಗೆದುಕೊಂಡ. ಆಗ ನಮ್ಮ ಬೆನ್ನ ಹಿಂದೆ, ತೀರಾ ಹತ್ತಿರದಲ್ಲಿ, ದಣಿದ ಒಂದು ಹೆಣ್ಣುದನಿ: "ಬ್ಯಾಡೋ ಅಣ್ಣಾ."

ಅಪ್ಪಟ ನಮ್ಮೂರು ಗದಗಿನ ಮಾತು. ನಮ್ಮ ಓಣಿಯಲ್ಲಿ ತಂಗಿಯರು ಅನ್ನುವ ಹಾಗೇ. ತಿರುಗಿ ನೋಡಿದರೆ ಬಿಳಿ ಗೋಡೆ. ಇಲ್ಯಾಸನೂ ತಿರುಗಿದ್ದ. "ಏನಾಯಿತು?" ಅಂತ ಅಧಿಕಾರಿ ಕೇಳಿದ. ಏನಿಲ್ಲ ಅಂದು ಇಲ್ಯಾಸ್ ಸಹಿ ಹಾಕಿದ.

ವಾಪಸು ಬರುವಾಗ ರೈಲಿನಲ್ಲಿ ಇಲ್ಯಾಸ್, "ನೂರಾ ಬೇಡ ಅಂದಳು, ನಮ್ಮ ಭಾಷೆಯಲ್ಲಿ. ನಿನಗೂ ಕೇಳಿಸಿತಾ? ನೀನೂ ತಿರುಗಿದೆಯಲ್ಲ" ಅಂದ.

ನಮ್ಮಿಬ್ಬರ ನಡುವೆ ಅವನ ಫೋನು ಬಿದ್ದಿತ್ತು. ಅದರೊಳಗಿಂದ ಯಾರಾದರೂ ಕದ್ದು ಕೇಳುತ್ತಿದ್ದರೆ ಅಂತ ಅದನ್ನೇ ನೋಡಿದೆ. "ಇಲ್ಲ, ನೀನು ತಿರುಗಿದೆ ಅಂತ ನಾನೂ ತಿರುಗಿದೆ" ಅಂದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಮುಂಜಾನಿಂದ ಉಪವಾಸ ಇದ್ರಿ, ಕಿವಿ ಗುಂಯ್ ಅಂದಿರಬೇಕ" ಅಂದಳು. ಇಬ್ಬರಿಗೂ ಒಟ್ಟಿಗೆ ಹೆಂಗ ಅಂತ ಕೇಳಿದ್ದಕ್ಕೆ ಊಟ ಬಡಿಸಲು ಎದ್ದಳು.

ತಿಂಗಳ ಮೇಲೆ ನೂರಾಳನ್ನು ನೋಡಲು ಅವಳ ತಾಯಿಗೆ ಅನುಮತಿ ಸಿಕ್ಕಿತು. ಗಾಜಿನ ಆಚೆ ಕೂತ ಮಗಳು ಒಂದಕ್ಷರ ಮಾತಾಡಲಿಲ್ಲವಂತೆ. ಹೊಡೆದ ಗುರುತಿಲ್ಲ, ಕಾಯಿಲೆ ಇಲ್ಲ. ಒಂದು ಮಂಗಳವಾರ ಇದ್ದಕ್ಕಿದ್ದಂತೆ ಅವಳ ಮಾತು ನಿಂತಿತು, ಆಮೇಲೆ ಬರಲೇ ಇಲ್ಲ ಅಂತ ಕಾವಲಿನ ಹೆಂಗಸು ಹೇಳಿದಳಂತೆ. ಇಲ್ಯಾಸ್ ಕ್ಯಾಂಟೀನಿನಲ್ಲಿ ಇದನ್ನು ಹೇಳಿ, ಅದು ಯಾವ ಮಂಗಳವಾರ ಅಂತಲೂ ಹೇಳಿದ. ನಾವು ದೂತಾವಾಸದಲ್ಲಿ ಕೂತಿದ್ದ ಅದೇ ಮಂಗಳವಾರ.

ನೂರಾ ಇನ್ನೂ ಒಳಗೇ ಇದ್ದಾಳೆ. ಇಲ್ಯಾಸ್ ಕೆಲಸ ಬದಲಿಸಿ ಎರ್ಲಾಂಗೆನ್ ಅನ್ನುವ ಊರಿಗೆ ಹೋದ. ಕನ್ನಡದ ಗಂಧವೇ ಇಲ್ಲದ ಆ ಕೋಣೆಯಲ್ಲಿ ನನ್ನನ್ನು ಅಣ್ಣಾ ಅಂದವರು ಯಾರು, ಎಷ್ಟು ಯೋಚಿಸಿದರೂ ತಿಳಿಯದು. ನನಗೂ ಕೇಳಿಸಿತ್ತು ಅಂತ ಹೋಗಿ ಅವನಿಗೆ ಹೇಳಿ ಬರೋಣ ಅಂತ ಎಷ್ಟೋ ಸಲ ಅನ್ನಿಸಿದೆ. ರೈಲಿನಲ್ಲಿ ಎರಡು ಮೂರು ಗಂಟೆ ದಾರಿ ಅಷ್ಟೆ. ಇನ್ನೂ ಹೋಗಿಲ್ಲ.