ಕೈ ನಿಂತ ಕಡೆ ಗೀಟು

ಹುಣಸೂರು ದಾಟಿ ಬಸ್ಸು ಎಚ್.ಡಿ. ಕೋಟೆಯ ಕಡೆ ಹೊರಳಿದ್ದೇ ತಡ, ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ನುಗ್ಗಿತು. ನೀವು ನಮ್ಮ ಕಡೆಯವರಲ್ಲದಿದ್ದರೆ ಈ ವಾಸನೆಯನ್ನು ವಿವರಿಸುವುದು ಕಷ್ಟ. ಆಲೆಮನೆಯ ಬೆಲ್ಲವೂ ಅಲ್ಲ, ಒಣಹುಲ್ಲೂ ಅಲ್ಲ. ಎರಡರ ನಡುವೆ ಎಲ್ಲೋ ಇದೆ. ನಾನು ಬೀಡಿ ಕೂಡ ಸೇದದ ಮನುಷ್ಯ. ಆದರೂ ಈ ವಾಸನೆ ಬಂದರೆ ಮೂಗು ಅರಳುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಯಾರನ್ನಾದರೂ ಹಿಡಿದು ಕೂರಿಸಿಕೊಂಡು ಮಾತಾಡಬೇಕೆನಿಸುತ್ತದೆ. ಇವತ್ತು ನೀವು ಸಿಕ್ಕಿದ್ದೀರಿ. ಪಕ್ಕದ ಸೀಟಿನಲ್ಲಿ ಕಾಳಮ್ಮ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದಾಳೆ, ಹಂಪಾಪುರ ಬರಲು ಇನ್ನೂ ಹೊತ್ತಿದೆ. ನೀವು ತಪ್ಪಿಸಿಕೊಳ್ಳುವ ಹಾಗಿಲ್ಲ.

ಪುಟ್ಟಬಸಪ್ಪನವರು ನಮ್ಮ ಶಾಸಕರಾಗಿದ್ದ ಕಾಲದ ಮಾತು. ಯಾವ ಪಕ್ಷ ಎಂದು ಕೇಳಬೇಡಿ, ಅವರಿಗೇ ಆಗಾಗ ಮರೆತುಹೋಗುತ್ತಿತ್ತು. ವಿಧಾನಸಭೆಯಲ್ಲಿ ಹಿಂದಿನ ಸಾಲಿನ ಕಂಬದ ಮಗ್ಗುಲಲ್ಲಿ ಅವರ ಸೀಟು. ನೀರಾವರಿ, ರಸ್ತೆ, ವರ್ಗಾವಣೆ ಎಂದರೆ ಮಾತಾಡುವವರು ನಾ ಮುಂದು ತಾ ಮುಂದು ಎಂದು ಎದ್ದು ನಿಲ್ಲುತ್ತಿದ್ದರು. ಇವರು ಹೆಸರು ಕೊಡುತ್ತಿದ್ದದ್ದು ಪಿಂಚಣಿ, ಪಡಿತರ, ಹಾಸ್ಟೆಲ್ಲು, ಅಂಗನವಾಡಿ ಇಂಥವಕ್ಕೆ. ಅರ್ಧ ಸದನ ಊಟಕ್ಕೆ ಎದ್ದು ಹೋದ ಹೊತ್ತಿನಲ್ಲಿ ಬರುವ ವಿಷಯಗಳಿಗೆ. ಹೆಣ್ಣುಮಕ್ಕಳ ಹಾಸ್ಟೆಲಿನ ಚರ್ಚೆಯಲ್ಲಿ ಒಮ್ಮೆ, “ಅನುದಾನದ ಮಾತು ಆಮೇಲಾಗಲಿ, ಮೊದಲು ಬಚ್ಚಲಿಗೆ ಚಿಲಕ ಹಾಕಿಸಿ” ಎಂದಷ್ಟೇ ಹೇಳಿ ಕೂತುಬಿಟ್ಟಿದ್ದರು. ಪತ್ರಿಕೆಗಳಲ್ಲಿ ಒಂದು ಸಾಲೂ ಬರಲಿಲ್ಲ. ಚಿಲಕ ಮಾತ್ರ ಬಂತು.

ಅವರಿಗೆ ಭಾಷಣ ಬರೆದುಕೊಡುವ ಕೆಲಸ ನನಗೆ ಹೇಗೆ ಅಂಟಿತೆಂದರೆ, ಆಗಷ್ಟೇ ನಿವೃತ್ತನಾಗಿದ್ದ ಕನ್ನಡ ಮೇಷ್ಟ್ರು ನಾನು. ಬೀಳ್ಕೊಡುಗೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದೆ. ಜನ ಅತ್ತಿದ್ದರು. ಊಟ ತಡವಾದದ್ದಕ್ಕೆ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಪುಟ್ಟಬಸಪ್ಪನವರು ಮಾತ್ರ ಮಾರನೆಯ ವಾರ ಮನೆಗೇ ಬಂದರು. “ಮೇಷ್ಟ್ರೇ, ನಂಗೆ ವಿಷ್ಯ ಗೊತ್ತದೆ, ಜೋಡ್ಸಕ್ಕೆ ಬರಾಕಿಲ್ಲ. ನಿಮಗೆ ಜೋಡ್ಸಕ್ಕೆ ಬತ್ತದೆ” ಎಂದರು. ನನಗೆ ವಿಷಯ ಗೊತ್ತಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನು ಉಬ್ಬಿಹೋದೆ.

ಅವರದೊಂದು ಪದ್ಧತಿ ಇತ್ತು. ಭಾಷಣ ಬೆಂಗಳೂರಿಗೆ ಹೋಗುವ ಮೊದಲು ರಾವಂದೂರು ಹೋಬಳಿಯ ಅವರ ಊರಿನ ಬ್ಯಾರನ್ ಮುಂದೆ ಪಾಸಾಗಬೇಕು. ಬ್ಯಾರನ್ ಎಂದರೆ ಹಸಿ ಹೊಗೆಸೊಪ್ಪನ್ನು ಬೇಯಿಸಿ ಹದಮಾಡುವ ಎತ್ತರದ ಮನೆ. ಅದರ ಮುಂದಿನ ಚಪ್ಪರದಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟುತ್ತಾರೆ. ಕಟ್ಟಿದಷ್ಟಕ್ಕೆ ಕೂಲಿಯಾದ್ದರಿಂದ ಅವರ ಕೈ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ಪುಟ್ಟಬಸಪ್ಪನವರು ಅವರ ನಡುವೆ ಮೊಗಚಿದ ಕುಕ್ಕೆಯ ಮೇಲೆ ಕೂರುವರು. ನಾನು ನಿಂತು ಓದಬೇಕು. ಓದುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ಹೆಂಗಸರ ಕೈ ನೋಡುತ್ತಿದ್ದರು.

“ಕೈ ನಿಂತ ಕಡೆ ಗೀಟು ಎಳೀರಿ ಮೇಷ್ಟ್ರೇ. ಮಿಕ್ಕಿದ್ದೆಲ್ಲ ಒಡ್ದಾಕಿ.”

ನಾನು ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನು. ಹೊಗೆಸೊಪ್ಪಿನ ಚಪ್ಪರದಲ್ಲಿ ನನ್ನ ಉತ್ತರಪತ್ರಿಕೆ ತಿದ್ದಲು ಕೂತವರನ್ನು ಕಂಡು ಮೊದಮೊದಲು ಮೈ ಉರಿಯುತ್ತಿತ್ತು. ಎಷ್ಟೋ ಸಲ ಆರು ಪುಟ ಓದಿ ಒಂದೂ ಗೀಟಿಲ್ಲದೆ ಮನೆಗೆ ಬಂದಿದ್ದೇನೆ.

ಆ ವರ್ಷ ಮಳೆಗಾಲದ ಅಧಿವೇಶನದಲ್ಲಿ ಪಡಿತರದ ಮೇಲೆ ಚರ್ಚೆ ಬರುವುದಿತ್ತು. ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಮಿಷನ್ ಬಂದಿತ್ತು. ಬೆಟ್ಟು ಒತ್ತಿದರೆ ಅದು ಒಪ್ಪಬೇಕು, ಒಪ್ಪಿದರೆ ಅಕ್ಕಿ. ನಾನು ಬರೆದದ್ದು ಹೀಗೆ ಶುರುವಾಗುತ್ತಿತ್ತು: “ಕಲ್ಯಾಣ ರಾಜ್ಯದ ಉದಾತ್ತ ಪರಿಕಲ್ಪನೆಯ ಹಿನ್ನೆಲೆಯಲ್ಲಿ ಅವಲೋಕಿಸಿದಾಗ.” ಕೈಗಳು ಸರಸರನೆ ಓಡುತ್ತಿದ್ದವು. ಎರಡನೆಯ ಪುಟಕ್ಕೆ ಇನ್ನೂ ಜೋರಾದವು. ಮೂರನೆಯ ಪುಟದಲ್ಲಿ ಒಬ್ಬಳು ಪಕ್ಕದವಳನ್ನು ಎಲೆಅಡಿಕೆ ಕೇಳಿದಳು.

ಆಗ ಮೂಲೆಯಲ್ಲಿದ್ದ ಕಾಳಮ್ಮ, ಹೌದು, ಈಗ ನನ್ನ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವ ಇದೇ ಕಾಳಮ್ಮ, ತಲೆ ಎತ್ತದೆ ಮಾತು ತೆಗೆದಳು.

“ನಾನು ಬೂದಿ ಆಕಿ ತಿಕ್ದೆ, ಉಣ್ಸೆಣ್ಣು ಆಕಿ ತಿಕ್ದೆ, ಸೀಮೆಣ್ಣೆಲೂ ತೊಳ್ದೆ. ಈ ಸೊಪ್ಪಿನ ಅಂಟು ಓಗಾಕಿಲ್ಲ. ಮೂರು ದಪ ಬೆಟ್ಟು ಮಡಗ್ದೆ. ನೀನು ಕಾಳಮ್ಮ ಅಲ್ಲ ಅಂತು ಕಣ್ರೀ ಅದು! ನಾನು ಕಾಳಮ್ಮ ಅಲ್ದೆ ಇನ್ಯಾರು? ಅದ್ಕೆ ಗೊತ್ತಿರೋ ಕಾಳಮ್ಮ ಬ್ಯಾರೆ ಯಾವಳಾರಾ ಇದ್ರೆ ಕರ್ಸಿ. ಈ ಸೊಪ್ಪ ಅವಳೇ ಕಟ್ಲಿ, ನಾನು ಮನಿಕತೀನಿ.”

ಚಪ್ಪರದಲ್ಲಿ ಅಷ್ಟೂ ಕೈ ನಿಂತವು. ಮೊದಲು ನಗು, ಆಮೇಲೆ ನಗು ತಾನಾಗಿ ಇಳಿದು ಎಲ್ಲರೂ ತಮ್ಮ ತಮ್ಮ ಕಪ್ಪು ಬೆಟ್ಟುಗಳನ್ನು ನೋಡಿಕೊಂಡರು. ಕಾಳಮ್ಮನ ಕಾರ್ಡಿನಲ್ಲಿ ಇದ್ದದ್ದು ಅವಳೂ ಅವಳ ಮಗಳೂ. ಮಗಳೂ ಸೊಪ್ಪು ಕಟ್ಟುವವಳೇ, ಅವಳ ಬೆಟ್ಟನ್ನೂ ಮಿಷನ್ ಒಪ್ಪಿರಲಿಲ್ಲ. ಎರಡು ತಿಂಗಳಿಂದ ಅಕ್ಕಿ ಬಂದಿರಲಿಲ್ಲ. ಮೂರನೆಯ ತಿಂಗಳೂ ಹೀಗೇ ಆದರೆ ಕಾರ್ಡೇ ರದ್ದಾಗುತ್ತದೆ ಎಂದು ಅಂಗಡಿಯವನು ಹೆದರಿಸಿದ್ದ. ಇಷ್ಟನ್ನೂ ಅವಳು ನಗಿಸುತ್ತಲೇ ಹೇಳಿದ್ದಳು. ನನಗೆ ನಾಚಿಕೆಯಾಯಿತು. ನಾನು ಮೂರು ಪುಟದಲ್ಲಿ ಹುಡುಕುತ್ತಿದ್ದದ್ದು ಆ ಮೂಲೆಯಲ್ಲಿ ಕೂತಿತ್ತು.

“ಇದನ್ನೇ ಸದನದಲ್ಲಿ ಏಳ್ತೀನಿ ಕಣವ್ವ. ನಮ್ಮ ಕಡೆ ಒಬ್ಬ ಎಣ್ಮಗಳು ಅಂತ” ಎಂದರು ಪುಟ್ಟಬಸಪ್ಪನವರು.

“ಒಬ್ಬ ಎಣ್ಮಗಳು ಅಂದ್ರೆ ಯಾರು ಸ್ವಾಮಿ? ಮಿಷನ್ನೂ ಅಂಗೇ ಅಂದಿದ್ದು. ನನ್ನ ಎಸ್ರೇಳಿ.”

ನಾನು ಅಡ್ಡ ಬಾಯಿ ಹಾಕಿದೆ. ಅಂಗಡಿಯವನು ಹಗೆ ಸಾಧಿಸಬಹುದು, ಊರವರು ಆಡಿಕೊಳ್ಳಬಹುದು ಎಂದೆ. ಕಾಳಮ್ಮ ನನ್ನ ಕಡೆ ತಿರುಗಿ, “ಆಡ್ಕಳ್ಳಿ ಬುಡಿ ಮೇಷ್ಟ್ರೆ. ಎಸ್ರಿಡ್ದು ತಾನೆ ಆಡ್ಕಳದು?” ಎಂದಳು. ಪುಟ್ಟಬಸಪ್ಪನವರು ಅವಳ ಕೈಮುಟ್ಟಿ ಮಾತು ಕೊಟ್ಟರು. ಅವರ ಕೈಗೂ ಅಂಟಾಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸದನದಲ್ಲಿ ಅವರಿಗೆ ಸಿಗುವುದು ಮೂರೇ ನಿಮಿಷ ಎಂದು ಗೊತ್ತಿತ್ತು. ಭಾಷಣವನ್ನು ಕತ್ತರಿಸಿ ಒಂದೂವರೆ ಪುಟ ಮಾಡಿದೆ. ಆದರೆ ಪಾಠ ಹೇಳಿದವನ ಚಾಳಿ ನೋಡಿ: ಪೀಠಿಕೆಯಿಲ್ಲದೆ ಹೇಗೆ ಎಂದು ಕಲ್ಯಾಣ ರಾಜ್ಯವನ್ನು ಮೆಲ್ಲಗೆ ಮತ್ತೆ ಒಳಗೆ ತೂರಿಸಿದೆ. ಪರಿಣಾಮ ಹೆಚ್ಚಲಿ ಎಂದು ಕಾಳಮ್ಮನ ಹೆಸರನ್ನು ಕಟ್ಟಕಡೆಯ ಸಾಲಿಗೆ ಇಟ್ಟೆ.

ಚರ್ಚೆಯ ದಿನ ನಾವೆಲ್ಲ ಚಪ್ಪರದಲ್ಲೇ ಸೇರಿದೆವು. ಕಾಳಮ್ಮನ ಮಗಳ ಮೊಬೈಲನ್ನು ಸೊಪ್ಪಿನ ರಾಶಿಗೆ ಒರಗಿಸಿ ನೇರಪ್ರಸಾರ ಹಾಕಿದ್ದಾಯಿತು. ಕ್ರಿಕೆಟ್ಟಿನ ಕೊನೆಯ ಓವರಿಗೂ ನಮ್ಮೂರಲ್ಲಿ ಅಷ್ಟು ಜನ ಹಾಗೆ ಬಾಗಿ ಕೂತದ್ದನ್ನು ನಾನು ನೋಡಿಲ್ಲ. ಯಾರ್‍ಯಾರೋ ಎದ್ದರು, ಕೂತರು. ಕಡೆಗೆ ಕಂಬದ ಪಕ್ಕ ಬಿಳಿ ತಲೆಯೊಂದು ಮೇಲೆದ್ದಿತು. “ಎದ್ರು, ಎದ್ರು!” ಎಂದು ಚಪ್ಪರ ಕೂಗಿತು.

“ಮಾನ್ಯ ಸಭಾಧ್ಯಕ್ಷರೇ, ಕಲ್ಯಾಣ ರಾಜ್ಯದ ಉದಾತ್ತ ಪರಿಕಲ್ಪನೆಯ...”

ಅವರು ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದುತ್ತಿದ್ದರು. ಒಂದು ನಿಮಿಷ ಹೋಯಿತು. ಎರಡು ಹೋಯಿತು. ಇನ್ನೂ ಪರಿಕಲ್ಪನೆಯಲ್ಲೇ ಇದ್ದರು. ನನ್ನ ವಾಕ್ಯಗಳ ಉದ್ದ ಎಷ್ಟೆಂದು ನನಗೆ ಅರ್ಥವಾದದ್ದು ಅವತ್ತೇ. “ಯಾವಾಗೇಳ್ತಾರೆ ಮೇಷ್ಟ್ರೆ?” ಎಂದು ಕಾಳಮ್ಮ ಕೇಳಿದಳು. ಅಷ್ಟರಲ್ಲಿ ಸಭಾಧ್ಯಕ್ಷರು ಗಂಟೆ ಬಾರಿಸಿದರು. “ಮುಗಿಸಿ, ಮುಗಿಸಿ.” ಮತ್ತೆ ಗಂಟೆ. ಹೆಂಗಸರು ಮೊಬೈಲಿಗೇ ಬೈಯಲು ಶುರುಮಾಡಿದರು. ಸರಿಯಾಗಿ ಅದೇ ಗಳಿಗೆಯಲ್ಲಿ ನೆಟ್‌ವರ್ಕ್ ಹೋಗಿ ಪುಟ್ಟಬಸಪ್ಪನವರು ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಆ ಕ್ಷಣ ಭೂಮಿ ಬಾಯಿಬಿಟ್ಟಿದ್ದರೆ ನಾನು ಕಲ್ಯಾಣ ರಾಜ್ಯದ ಸಮೇತ ಒಳಗೆ ಹೋಗುತ್ತಿದ್ದೆ.

ಮಗಳು ಮೊಬೈಲ್ ಎತ್ತಿಕೊಂಡು ಬ್ಯಾರನ್ನಿನ ಮೆಟ್ಟಿಲೇರಿದಳು. ನಾವು ಹಿಂದೆಯೇ ಓಡಿದೆವು. ಚಿತ್ರ ಅಲುಗಾಡಿತು. ಅವರು ಇನ್ನೂ ನಿಂತೇ ಇದ್ದರು! ನನ್ನ ಕಾಗದವನ್ನು ಮಡಚಿ ಕೈಯಲ್ಲಿ ಹಿಡಿದಿದ್ದರು.

“ಸಭಾಧ್ಯಕ್ಷರೇ, ಒಂದು ಹೆಸ್ರು ಹೇಳಿ ಕೂತ್ಕೋತೀನಿ. ಪಿರಿಯಾಪಟ್ಟಣ ತಾಲ್ಲೂಕು ರಾವಂದೂರು ಹೋಬಳಿ ಕಾಳಮ್ಮ. ಹೊಗೆಸೊಪ್ಪು ಕಟ್ಟೋ ಕೈ. ನಿಮ್ಮ ಮಿಷನ್ನು ಆಯಮ್ಮನ್ನ ನೀನು ಕಾಳಮ್ಮ ಅಲ್ಲ ಅಂತದೆ. ಆಯಮ್ಮ ಕೇಳ್ತಾವ್ಳೆ, ಕಾಳಮ್ಮ ಬೇರೆ ಯಾವಳಾದ್ರೂ ಇದ್ರೆ ಕಳ್ಸಿ, ಸೊಪ್ಪು ಅವಳೇ ಕಟ್ಲಿ, ನಾನು ಮಲಗ್ತೀನಿ ಅಂತ. ಮಂತ್ರಿಗಳು ಇದಕ್ಕೆ ಉತ್ತರ ಕೊಡ್ಬೇಕು.”

ಸದನ ನಕ್ಕಿತು. ಆಮೇಲೆ, ಚಪ್ಪರದಲ್ಲಿ ಆದ ಹಾಗೆಯೇ, ಸುಮ್ಮನಾಯಿತು. ನಾವು ಮೆಟ್ಟಿಲ ಮೇಲೆ ಕಿರುಚುತ್ತಿದ್ದೆವು, ಅರವತ್ತು ದಾಟಿದ ನಾನೂ ಸೇರಿ. ಕಾಳಮ್ಮ ಮಾತ್ರ ಗೋಡೆ ಹಿಡಿದು ನಿಂತು, “ನನ್ನ ಎಸ್ರು, ನಮ್ಮವ್ವ ಮಡಗಿದ್ದು” ಎಂದಳು. ಮತ್ತೆ ಅದನ್ನೇ ಹೇಳಿದಳು.

ಬೆಟ್ಟು ಒಪ್ಪದ ಕಡೆ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡಬೇಕು, ಈ ಕಾರಣಕ್ಕೆ ಯಾರ ಕಾರ್ಡೂ ರದ್ದಾಗಬಾರದು ಎಂದು ಮಂತ್ರಿಗಳು ಉತ್ತರ ಕೊಟ್ಟರು. ಆದೇಶವೂ ಬಂತು. ಮೂರನೆಯ ತಿಂಗಳು ಮುಗಿಯುವ ಮೊದಲು ಕಾಳಮ್ಮ ಅಕ್ಕಿ ಹೊತ್ತು ತಂದಳು. ಸದನದ ನಡವಳಿ ಪುಸ್ತಕ ಅಚ್ಚಾದಾಗ ಪುಟ್ಟಬಸಪ್ಪನವರು ಆ ಪುಟದ ನೆರಳಚ್ಚು ಮಾಡಿಸಿ ಅವಳಿಗೆ ಕೊಟ್ಟರು. ಅದರಲ್ಲಿ ಕಲ್ಯಾಣ ರಾಜ್ಯವೂ ಇದೆ. ಅವಳ ಮಾತಿನ ಮುಂದೆ ‘(ನಗು)’ ಎಂದಿದೆ. ನಗು ನಿಂತದ್ದನ್ನು ನಡವಳಿ ಬರೆಯುವವರು ಬರೆದುಕೊಂಡಿಲ್ಲ. ಮುಂದಿನ ಚುನಾವಣೆಯಲ್ಲಿ ಪುಟ್ಟಬಸಪ್ಪನವರು ಸೋತರು, ಈಗ ಹೊಲ ನೋಡಿಕೊಂಡಿದ್ದಾರೆ. ಆ ಸೋಲಿಗೆ ನನಗೆ ಇವತ್ತಿಗೂ ಸಿಟ್ಟಿದೆ, ಅವರಿಗಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಹಂಪಾಪುರ ಬಂದೇಬಿಟ್ಟಿತು. ಮಿಕ್ಕಿದ್ದು ಇಳಿದ ಮೇಲಿನ ಕಥೆ, ಅದನ್ನೂ ಕೇಳಿಬಿಡಿ. ನಾವು ಇಳಿದು ಕಾಳಮ್ಮನ ತಂಗಿಯನ್ನು ಕೊಟ್ಟ ಹಳ್ಳಿಗೆ ಆಟೋ ಹಿಡಿದೆವು. ಅಲ್ಲಿ ಸೊಪ್ಪು ಕಟ್ಟುವವರಿಗೆ ಈ ಸಲ ಅದೇ ಗೋಳು. ಆದೇಶದ ಮಾತೆತ್ತಿದರೆ ಅಂಗಡಿಯವನು ನಮಗೆ ಬಂದಿಲ್ಲ ಎನ್ನುತ್ತಾನಂತೆ. ಅವತ್ತು ಅಲ್ಲಿನ ಶಾಲೆಯಲ್ಲಿ ಗ್ರಾಮಸಭೆ. ನಾನು ಬರೆದುಕೊಂಡು ಹೋಗಿದ್ದ ನಾಲ್ಕು ಪುಟವನ್ನು ಶಾಲೆಯ ಜಗುಲಿಯಲ್ಲಿ ಕಾಳಮ್ಮನ ಕೈಗಿಟ್ಟೆ. ಅವಳು ಅದನ್ನು ಮಡಚಿ ನನ್ನ ಜೇಬಿಗೇ ಹಾಕಿದಳು. “ನೀವು ಕುಂತ್ಕಳಿ ಮೇಷ್ಟ್ರೆ.”

ಅವಳು ಎದ್ದು ನಿಂತ ತಕ್ಷಣ ಮೇಜಿನ ಹಿಂದಿದ್ದ ಅಧಿಕಾರಿ ಕೈ ಅಡ್ಡ ಮಾಡಿದರು. “ನೀವು ಈ ಪಂಚಾಯ್ತಿಯವರಲ್ಲವಲ್ಲಮ್ಮ. ಇಲ್ಲಿ ನೀವು ಮಾತಾಡೋ ಹಾಗಿಲ್ಲ.”

ನಾನು ನಿಯಮ ಹುಡುಕಲು ತಲೆ ಕೆರೆದುಕೊಳ್ಳುತ್ತಿದ್ದೆ. ಕಾಳಮ್ಮ ಸೆರಗು ಸಿಕ್ಕಿಸಿಕೊಂಡಳು.

“ನಮ್ಮ ಎಮ್ಮೆಲ್ಲೆ ಏನು ಸೊಪ್ಪು ಕಟ್ತಿದ್ರಾ ಸ್ವಾಮಿ? ನಮ್ಮ ಪರ್‍ವಾಗಿ ಬೆಂಗ್ಳೂರಲ್ಲಿ ನಿಂತು ಮಾತಾಡ್ನಿಲ್ವಾ? ಈಗ ಇವ್ರ ಪರ್‍ವಾಗಿ ನಾನು ನಿಂತಿವ್ನಿ. ಮಾತು ನಂದು ಬರೀಬ್ಯಾಡಿ, ಎಸ್ರು ಇವ್ರುದ್ದು ಬರ್ಕಳಿ.”

ಸಭೆ ಗುಸುಗುಟ್ಟಿತು. ಹಿಂದಿನಿಂದ ಯಾರೋ “ಬರ್ಕಳಿ ಸಾರ್” ಎಂದರು. ಅಧಿಕಾರಿ ಪುಸ್ತಕ ತೆರೆದರು. ಕಾಳಮ್ಮ ಹೆಸರು ಹಿಡಿದು ಕರೆಯತೊಡಗಿದಳು. ಚಿಕ್ಕತಾಯಮ್ಮ. ದೇವೀರಮ್ಮ. ಪುಟ್ಟಮ್ಮ. ಕರೆದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು, ಕೂರಲಿಲ್ಲ. ಏಳನೆಯ ಹೆಸರಿಗೆ ಅಧಿಕಾರಿಯ ಪೆನ್ನಿನ ಶಾಯಿ ಮುಗಿಯಿತು. ಅವರು ಜೇಬು ತಡಕಿಕೊಂಡರು. ನಾನು ಓಡಿಹೋಗಿ ನನ್ನದನ್ನು ಕೊಟ್ಟೆ.

ಕಾಳಮ್ಮ ಎಂಟನೆಯ ಹೆಸರು ಹೇಳಿದಳು.