ಕಾರಿನ ಹಣೆಯ ಕುಂಕುಮ

ಡ್ರೈವರೇ ಇಲ್ಲದ ಕಾರುಗಳು ಬಂದರೆ ರಜೆಯ ಪ್ರಯಾಣ ಹೇಗೆಲ್ಲ ಬದಲಾಗಬಹುದು ಎಂದು ಯಾರಾದರೂ ಮಾತು ತೆಗೆದರೆ ನಾನೀಗ ಬಾಯಿ ಮುಚ್ಚಿಕೊಂಡಿರುತ್ತೇನೆ. ಎರಡು ವರ್ಷದ ಹಿಂದೆ ಅಮೃತಹಳ್ಳಿಯ ನಮ್ಮ ಬೀದಿಯಲ್ಲಿ ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದವನು ನಾನೇ. ಆಗಷ್ಟೇ ಹೊಸ ಕಾರು ತಂದಿದ್ದೆ. ಪೂರ್ತಿ ಡ್ರೈವರ್‌ಲೆಸ್ ಏನಲ್ಲ. ಆದರೆ ಹೆದ್ದಾರಿಗೆ ಬಿದ್ದ ಮೇಲೆ ಮುಂದಿನ ಗಾಡಿಯನ್ನು ನೋಡಿಕೊಂಡು ತಾನೇ ವೇಗ ಏರಿಸುತ್ತಿತ್ತು, ತಾನೇ ಇಳಿಸುತ್ತಿತ್ತು, ಬಿಳಿ ಗೆರೆ ದಾಟದಂತೆ ಸ್ಟಿಯರಿಂಗನ್ನೂ ತಾನೇ ತಿದ್ದಿಕೊಳ್ಳುತ್ತಿತ್ತು. ನಾನು ಅದರ ಮೇಲೆ ಎರಡು ಬೆರಳು ಇಟ್ಟು ಕೂತರೆ ಸಾಕು. ಆ ಎರಡು ಬೆರಳಿನಿಂದ ಬಂದಷ್ಟು ಜಂಭ ನನಗೆ ಐವತ್ತೆರಡು ವರ್ಷದಲ್ಲಿ ಬೇರೆ ಯಾವುದರಿಂದಲೂ ಬಂದಿರಲಿಲ್ಲ.

ಆ ಸಲ ದಸರಾ ರಜೆಗೆ ಕಾಶಿಗೆ ಹೋಗಬೇಕೆಂದಿದ್ದೆವು. ಎಲ್ಲೋ ಯುದ್ಧದ ಮಾತು, ವಿಮಾನ ಹೊರಡುತ್ತದೋ ಇಲ್ಲವೋ ಎಂಬ ಅನುಮಾನ, ದಿನಕ್ಕೊಂದು ಸುದ್ದಿ. ಕೊನೆಗೆ ಟಿಕೆಟ್ ರದ್ದು ಮಾಡಿ, ಕಾರಿನಲ್ಲೇ ಹಂಪಿಗೆ ಹೋಗುವುದೆಂದಾಯಿತು. ಇನ್ನು ಮುಂದೆ ಎಲ್ಲರದೂ ಹೀಗೇ ಎಂದು ನಾನು ಭಾಷಣ ಬಿಗಿದೆ. ಮನಸ್ಸು ಬಂದ ಬೆಳಿಗ್ಗೆ ಹೊರಡಬಹುದು, ಪರಿಸ್ಥಿತಿ ಸರಿಯಿಲ್ಲವೆನಿಸಿದರೆ ಅರ್ಧ ದಾರಿಯಿಂದಲೇ ತಿರುಗಬಹುದು. ಡ್ರೈವರಿಗೆ ನಿದ್ದೆಯಾಯಿತೇ, ಊಟವಾಯಿತೇ ಎಂಬ ಚಿಂತೆ ಇಲ್ಲ. ಇನ್ನು ಹತ್ತು ವರ್ಷಕ್ಕೆ ನಮ್ಮಮ್ಮ ಒಬ್ಬಳೇ ಹಿಂದಿನ ಸೀಟಿನಲ್ಲಿ ಕೂತು ಧರ್ಮಸ್ಥಳಕ್ಕೆ ಹೋಗಿಬರಬಹುದು.

"ಒಬ್ಳೇ ಓಗಿ ದಾರೀಲಿ ಯಾರ ಜೊತೆ ಮಾತಾಡ್ಲಿ?" ಎಂದಳು ಅಮ್ಮ.

ಆಯುಧಪೂಜೆಯ ದಿನ ಬೆಳಿಗ್ಗೆ ಗಾಡಿಗೆ ಪೂಜೆ ಮುಗಿಸಿ ಹಾಗೇ ಹೊರಡುವುದೆಂದಿತ್ತು. ಹಿಂದಿನ ದಿನ ಯಶವಂತಪುರದ ಮಾರ್ಕೆಟ್ಟಿನಿಂದ ತೋಳು ಗಾತ್ರದ ಸೇವಂತಿಗೆ ಹಾರ ತಂದವನು ನಾನು. ಬಾಡದಿರಲೆಂದು ಚೆನ್ನಾಗಿ ನೀರು ಚಿಮುಕಿಸಿ, ಆತುರದಲ್ಲಿ ಎರಡೂ ಕಡೆ ಒಂದೊಂದೇ ಗಂಟು ಹಾಕಿ ಕಾರಿನ ಮುಂದೆ ಕಟ್ಟಿದವನೂ ನಾನೇ.

ಅಪ್ಪ ಹೋಗಿ ಆಗ ಎರಡು ವರ್ಷವಾಗಿತ್ತು. ಅಂದಿನಿಂದ ಅಮ್ಮ ಮನೆಯ ಶುಭಕಾರ್ಯಗಳಲ್ಲಿ ಹಿಂದೆ ಸರಿದು ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದಳು. ನಾವ್ಯಾರೂ ಹಾಗೆ ಹೇಳಿದವರಲ್ಲ. ಅವತ್ತು ನಾನು ಕುಂಕುಮದ ಬಟ್ಟಲನ್ನು ಅವಳ ಮುಂದೆ ಹಿಡಿದೆ.

"ನಾನ್ ಬ್ಯಾಡ ಕಣಪ್ಪ. ನಿನ್ ಎಂಡ್ತಿ ಕೈಲಿ ಇಡ್ಸು."

"ಅದೆಲ್ಲ ಹಳೇ ಕಾಲದ್ದಮ್ಮ. ನೀನೇ ಇಡ್ಬೇಕು. ಇಲ್ಲಾಂದ್ರೆ ಗಾಡಿ ಹೊರಡಲ್ಲ."

ನನ್ನ ಹೆಂಡತಿಯೂ ಬಲವಂತ ಮಾಡಿದಳು. ಅಮ್ಮ ಕೈ ತೊಳೆದು ಬಂದು ಬಾನೆಟ್ಟಿನ ಮೇಲೆ ಮೂರು ಬೊಟ್ಟು ಇಟ್ಟಳು. ಆಮೇಲೆ ಕಷ್ಟಪಟ್ಟು ಬಗ್ಗಿ, ಮುಂಭಾಗದ ನಟ್ಟನಡುವೆ ಇರುವ ಕಪ್ಪು ತಟ್ಟೆಯ ಅಂಚಿಗೆ ಇನ್ನೊಂದು ಇಟ್ಟಳು. "ಇದೇ ಅಲ್ವ ಇದ್ರ ಅಣೆ?" ಎಂದು ನಕ್ಕಳು. ಅಪ್ಪ ಹೋದ ಮೇಲೆ ಅವಳು ಅಷ್ಟು ಹಗುರವಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ಕಪ್ಪು ತಟ್ಟೆಯ ಹಿಂದೆಯೇ ಮುಂದಿನ ಗಾಡಿಯನ್ನು ಗುರುತಿಸುವ ಸೆನ್ಸರ್ ಇರುವುದು. ಒಂದು ಬೊಟ್ಟು ಕುಂಕುಮದಿಂದ ಅದಕ್ಕೆ ಏನೂ ಆಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಇಲ್ಲಿ ಬರೆದಿಡಲೇಬೇಕು.

ಹೊರಟೆವು. ಅಮ್ಮ ನನ್ನ ಪಕ್ಕದಲ್ಲಿ, ಹೆಂಡತಿ ಮತ್ತು ಅವಳ ತಮ್ಮ ಹಿಂದೆ. ಗೊರಗುಂಟೆಪಾಳ್ಯ ದಾಟಲು ಒಂದು ಗಂಟೆ. ಬೆಂಗಳೂರೆಲ್ಲ ಬಾಳೆಕಂದು ಕಟ್ಟಿಕೊಂಡು ಊರು ಬಿಡುತ್ತಿತ್ತು. ನೆಲಮಂಗಲ ಕಳೆದ ಮೇಲೆ ಕಾರಿನ ಕೈಗೆ ಕಾರನ್ನು ಒಪ್ಪಿಸಿ ನನ್ನ ಪ್ರದರ್ಶನ ಶುರು ಮಾಡಿದೆ. ಭಾಮೈದ ಸ್ವಲ್ಪ ಹೊತ್ತು ನೋಡಿದ.

"ಭಾವ, ಇದು ನಿಮ್ ಕಾರಾ, ನಿಮ್ ಬಾಸಾ? ಅದು ಹೇಳ್ದಂಗೆ ಕೇಳ್ಕೊಂಡ್ ಕೂತಿದೀರ."

ಅವನಿಗೆ ಉತ್ತರ ಕೊಡಲು ನಾನು ಹಿಂದಕ್ಕೆ ತಿರುಗಿದೆ. ಅಷ್ಟರಲ್ಲಿ ಕಾರು ಕಿರುಚಿಕೊಂಡಿತು. ಮುಂದಿನ ಸೆನ್ಸರ್‌ಗೆ ಏನೋ ಅಡ್ಡವಾಗಿದೆ, ಇನ್ನು ನೀನೇ ನೋಡಿಕೋ ಎಂಬ ಸೂಚನೆ. ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ತುಳಿದುಬಿಟ್ಟೆ. ಹಿಂದಿದ್ದ ಲಾರಿ ಹಾರ್ನ್ ಹೊಡೆಯುತ್ತ ಪಕ್ಕಕ್ಕೆ ಸರಿದು ಕೂದಲೆಳೆಯ ಅಂತರದಲ್ಲಿ ದಾಟಿಹೋಯಿತು. ಅಮ್ಮನನ್ನು ಬೆಲ್ಟ್ ಹಿಡಿದುಕೊಂಡಿತು. ಅವಳ ಕನ್ನಡಕ ಮಾತ್ರ ಕಾಲಬುಡಕ್ಕೆ ಬಿತ್ತು.

ಪಕ್ಕಕ್ಕೆ ನಿಲ್ಲಿಸಿ ಇಳಿದೆ. ಹಾರದ ಒಂದು ಕಡೆಯ ಗಂಟು ಬಿಚ್ಚಿಕೊಂಡು, ಒದ್ದೆ ಸೇವಂತಿಗೆ ಎಲ್ಲ ಜಾರಿ ಆ ಕಪ್ಪು ತಟ್ಟೆಯ ಮೇಲೆ ಮುದ್ದೆಯಾಗಿ ಕೂತಿತ್ತು. ಅಮ್ಮನ ಬೊಟ್ಟು ಅದರ ಪಾಡಿಗೆ ಅಂಚಿನಲ್ಲಿತ್ತು. ಬಾನೆಟ್ ಎತ್ತರವಾದ್ದರಿಂದ ಒಳಗಿದ್ದವರಿಗೆ ಇದೇನೂ ಕಾಣುವಂತಿರಲಿಲ್ಲ. ಬಗ್ಗಿದಲ್ಲೇ ಹಾರವನ್ನು ಕಿತ್ತು ಪಕ್ಕದ ಚರಂಡಿಗೆ ತಳ್ಳಿದೆ.

"ಏನಾಯ್ತು ಭಾವ? ಬಾಸ್ ಮುನಿಸ್ಕೊಂಡ್ರಾ?" ಭಾಮೈದ ಬಾಗಿಲು ತೆಗೆದು ಕೇಳಿದ.

ಇಷ್ಟು ವರ್ಷ ನಮ್ಮ ಪ್ರವಾಸಗಳಲ್ಲಿ ಬೈಸಿಕೊಳ್ಳಲೆಂದೇ ಒಬ್ಬ ಬಾಡಿಗೆ ಡ್ರೈವರ್ ಇರುತ್ತಿದ್ದ. ದಾರಿ ತಪ್ಪಿದರೆ ಅವನು, ಹೋಟೆಲಿನ ಸಾಂಬಾರು ಹಳಸಿದ್ದರೂ ಅವನು. ಈಗ ಆ ಜಾಗ ಖಾಲಿ. ಕಾರನ್ನು ಬೈಯೋಣವೆಂದರೆ ಬೀದಿಗೆಲ್ಲ ಅದನ್ನು ಹೊಗಳಿಕೊಂಡು ತಿರುಗಿದ್ದೆ. ನನ್ನನ್ನೇ ಬೈದುಕೊಳ್ಳುವ ಅಭ್ಯಾಸವಂತೂ ನನಗಿರಲಿಲ್ಲ.

"ಅಮ್ಮ ಸೆನ್ಸರ್ ಮೇಲೇ ಕುಂಕುಮ ಇಟ್ಟಿದಾಳೆ! ಇನ್ನೇನಾಗುತ್ತೆ?" ಎಂದು ಕಿರುಚಿದೆ. ಎಲ್ಲರಿಗೂ ಕಾಣುವ ಹಾಗೆ ಟಿಶ್ಯೂ ತೆಗೆದುಕೊಂಡು ಆ ಬೊಟ್ಟನ್ನು ಒರೆಸಿ, ಕೆಂಪಾದ ಕಾಗದವನ್ನು ಎತ್ತಿ ತೋರಿಸಿದೆ.

ಕಾಲಬುಡದಲ್ಲಿ ಕನ್ನಡಕ ಹುಡುಕುತ್ತಿದ್ದ ಅಮ್ಮನ ಕೈ ಹಾಗೇ ನಿಂತಿತು. "ನಾನ್ ಇಡಬಾರ್ದಾಗಿತ್ತು," ಎಂದಳು. "ಮನೇಲೇ ಏಳ್ದೆ. ನೀನ್ ಕೇಳ್ಲಿಲ್ಲ."

ನಾನು ಹೇಳಿದ್ದು ಸೆನ್ಸರಿನ ವಿಷಯ. ಅವಳಿಗೆ ಕೇಳಿಸಿದ್ದು ಗಂಡ ಸತ್ತವಳ ಕೈ ಎಂದು. ಅದು ನನಗೆ ಆ ಕ್ಷಣವೇ ಅರ್ಥವಾಯಿತು. ಭಾಮೈದನ ನಗು ನಿಂತಿತ್ತು, ಹೆಂಡತಿ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. ಹಾರ ಜಾರಿತ್ತಮ್ಮ ಎಂಬ ಎರಡು ಮೂರು ಮಾತು ಸಾಕಿತ್ತು. ನಾನು ಸುಮ್ಮನೆ ಕೂತು ಕಾರು ಸ್ಟಾರ್ಟ್ ಮಾಡಿದೆ. ಕಾರು ಯಾವ ತಕರಾರೂ ಇಲ್ಲದೆ ಹಂಪಿಯವರೆಗೂ ಓಡಿತು. ಅವಳ ಕುಂಕುಮ ಅಳಿಸಿದ ಮೇಲೆ ಗಾಡಿ ಸರಿಹೋಯಿತು ಎನ್ನುವುದಕ್ಕೆ ಅವಳಿಗೆ ಇನ್ನೇನು ಸಾಕ್ಷಿ ಬೇಕು?

ದಾರಿಯುದ್ದಕ್ಕೂ ಅವಳು ಬೆರಳಿನಲ್ಲಿ ಉಳಿದಿದ್ದ ಕೆಂಪನ್ನು ಸೆರಗಿನಿಂದ ಉಜ್ಜುತ್ತಲೇ ಇದ್ದಳು. ಹಂಪಿಯಲ್ಲಿ ದೇವಸ್ಥಾನದೊಳಕ್ಕೆ ಬರಲಿಲ್ಲ. "ನೀವ್ ಓಗ್ಬನ್ನಿ, ನಾನ್ ಚಪ್ಪಲಿ ನೋಡ್ಕೊಂತೀನಿ," ಎಂದು ಹೊರಗೇ ಕೂತಳು. ಊರಿಗೆ ಬಂದ ಮೇಲೂ ಅಷ್ಟೇ. ತಾನೇ ಎತ್ತಿ ಆಡಿಸಿದ ನನ್ನ ತಂಗಿಯ ಮಗಳ ಮದುವೆಯಲ್ಲಿ ಅಕ್ಷತೆ ಕೂಡ ಹಾಕದೆ ಊಟದ ಹಾಲ್‌ನಲ್ಲಿ ಒಬ್ಬಳೇ ಕೂತಿದ್ದಳು. ನಾನು ನೋಡಿದೆ, ನೋಡಿಯೂ ಬಾಯಿ ಬಿಡಲಿಲ್ಲ. ಮೊದಲ ದಿನ ಹೇಳದ ಮಾತು ಆಮೇಲೆ ದಿನದಿನಕ್ಕೂ ಕಷ್ಟವಾಗುತ್ತ ಹೋಯಿತು.

ಒಂದು ವರ್ಷ ಹಾಗೇ ನೂಕಿದೆ. ಮುಂದಿನ ದಸರಾ ಹತ್ತಿರ ಬಂದಾಗ ತಡೆಯಲಾಗಲಿಲ್ಲ. ಅಮ್ಮ ನೆಲದ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಒದ್ದೆ ಹಾರ, ಸಡಿಲ ಗಂಟು, ಚರಂಡಿ, ಒಂದನ್ನೂ ಬಿಡಲಿಲ್ಲ. ಅವಳ ಬೊಟ್ಟಿಗೂ ಕಾರು ನಿಂತದ್ದಕ್ಕೂ ಸಂಬಂಧವೇ ಇಲ್ಲ, ನಾನು ಸುಳ್ಳು ಹೇಳಿದ್ದೆ ಎಂದೆ. ಹೇಳುವಾಗ ಅತ್ತೂಬಿಟ್ಟೆ.

ಅಮ್ಮ ಸೊಪ್ಪಿನ ಕೈಯಲ್ಲೇ ನನ್ನ ತಲೆ ಸವರಿದಳು.

"ನನ್ ಸಮಾಧಾನಕ್ಕೆ ಇಷ್ಟೊಂದ್ ಕತೆ ಕಟ್ತೀಯಲ್ಲಪ್ಪ."

"ಕತೆ ಅಲ್ಲಮ್ಮ, ದೇವ್ರಾಣೆ!"

"ಆಣೆ ಗೀಣೆ ಇಡ್ಬೇಡ. ನಿಮ್ಮಪ್ಪನೂ ಇಂಗೇ. ಬೇರೆಯವ್ರ ತಪ್ಪೆಲ್ಲ ಮೈಮೇಲ್ ಎಳ್ಕೊಳ್ಳೋರು."

ಎಷ್ಟು ಬಿಡಿಸಿ ಹೇಳಿದರೂ ಅವಳು ನಂಬಲಿಲ್ಲ. ಎರಡು ದಿನ ಬಿಟ್ಟು, ಕಾಂಪೌಂಡಿನ ಹತ್ತಿರ ನಿಂತು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು: "ನಾನ್ ಮಾಡಿದ್ ತಪ್ಪ ತಾನ್ ಒತ್ಕೊಂಡ ಕಣಮ್ಮ. ಇಂಥ ಮಗ ಯಾರಿಗ್ ಸಿಗ್ತಾನೆ?"

ಆಕೆ ಹೌದೆಂದು ತಲೆಯಾಡಿಸುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ನಾನು ಒಳಗೇ ಕೂತಿದ್ದೆ.