ತಿಪ್ಪೆ ಜಾಗದ ಮಣ್ಣು

ಅಕ್ಕ ಹೊಲದ ಮಣ್ಣು ತೆಗೆದುಕೊಂಡು ಹೋಗು ಎಂದಿದ್ದಳು. ನಾನು ಹೊಲದೊಳಗೆ ಕಾಲೇ ಇಡಲಿಲ್ಲ. ಅವಳು ಹೇಳಿದ್ದು ಅದೊಂದೇ ಕೆಲಸ, ಅದನ್ನೂ ಮಾಡಲಿಲ್ಲ.

ಆಗ ಸಂಡೂರಿನ ಗುಡ್ಡಗಳಿಂದ ಅದಿರು ಬಿಡುವಿಲ್ಲದೆ ಇಳಿಯುತ್ತಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅದಿರಿನ ಲಾರಿ ಓಡಿಸುತ್ತಿದ್ದೆ. ಲಾರಿಗಳು ಓಡಾಡುವ ರಸ್ತೆಗೆ ಅಂಟಿಕೊಂಡೇ ನಮ್ಮ ಹೊಲ, ಕೆಂಪು ಮಸಾರಿ ಭೂಮಿ. ಅಕ್ಕನನ್ನು ಕಂಪ್ಲಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಆ ಹೊಲ ಹಿಡಿದಳು.

ಕಂಪ್ಲಿಯಲ್ಲಿ ಕಾಲುವೆ ನೀರು, ಕರಿ ಮಣ್ಣಿನ ಗದ್ದೆ. ಅಲ್ಲಿ ಡಿಎಪಿ ಗೊಬ್ಬರ ಎರಚಿದರೆ ಭತ್ತ ತಾನಾಗಿ ಏಳುತ್ತಿತ್ತಂತೆ. ಇಲ್ಲಿ ಮೆಕ್ಕೆಜೋಳಕ್ಕೂ ಹಾಗೇ ಎರಚಿದಳು. ಬೆಳೆ ಮೊಣಕಾಲಿಗೆ ಬಂದು ನಿಂತುಬಿಡುತ್ತಿತ್ತು.

"ಎಷ್ಟ್ ಹಾಕಿದ್ರೂ ತಿಂತೈತಿ, ಏನೂ ತಿಂದೇ ಇಲ್ಲ ಅನ್ನಂಗ ಕುಂದ್ರತೈತಿ. ಥೇಟ್ ನಮ್ಮತ್ತಿ ನೋಡು" ಎಂದು ನಗುತ್ತಿದ್ದಳು.

ಹೊಸಪೇಟೆಯಲ್ಲಿ ಮಣ್ಣು ಪರೀಕ್ಷೆ ಮಾಡುತ್ತಾರೆ ಎಂದು ಯಾರೋ ಹೇಳಿದರು. ನಾನು ದಿನಾ ಅತ್ತ ಹೋಗುವವನು. ಅಕ್ಕ ಕೈಚೀಲ ಕೊಟ್ಟು ಬಾಯಿಪಾಠ ಮಾಡಿಸಿದಳು.

"ಮ್ಯಾಲಿನ ಧೂಳು ಕೆರಿ. ಗೇಣುದ್ದ ತಗ್ಗು ತೆಗಿ. ನಾಕಾರು ಕಡೆ ಮಣ್ಣು ಕಲಸು. ಬದುವಿಂದು ಬ್ಯಾಡ, ತಿಪ್ಪಿ ಜಾಗದ್ದು ಬ್ಯಾಡ. ತಿಳಿತಾ?"

"ತಿಳೀತಬೇ. ಮಣ್ಣು ತಗಿಯಾಕೂ ಲೈಸನ್ಸ್ ಬೇಕೇನು?"

ಬೇಸಿಗೆಯ ಹೊಲ ಕಲ್ಲಾಗಿತ್ತು. ಹಾರೆ ತರಲು ಮನೆಗೆ ಹೋಗಬೇಕು. ರಸ್ತೆಯಲ್ಲಿ ಲಾರಿ ನಿಲ್ಲಿಸಿದ್ದೆ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಹೊಲದ ಬಾಯಲ್ಲೇ ಅಪ್ಪನ ಕಾಲದ ತಿಪ್ಪೆ ಇದ್ದ ಜಾಗ. ಸಗಣಿ, ಬೂದಿ, ದನದ ಕೊಟ್ಟಿಗೆಯ ಕಸ ವರ್ಷಗಟ್ಟಲೆ ಕೊಳೆತು ಅಲ್ಲಿನ ಮಣ್ಣು ಹಿಟ್ಟಿನಂತಿತ್ತು. ಎರಡು ಬೊಗಸೆ ಬಳಿದು ಚೀಲಕ್ಕೆ ಹಾಕಿದೆ. ಇದೂ ನಮ್ಮ ಹೊಲದ್ದೇ ಅಲ್ಲವೇ ಎಂದುಕೊಂಡೆ.

ಕಚೇರಿಯ ಸಾಹೇಬರು ಚೀಲ ತೆಗೆದು ನೋಡಿ, "ತಿಪ್ಪಿ ಜಾಗದ್ದಲ್ಲ ಹೌದಲ್ಲ?" ಎಂದರು.

"ಅಲ್ರಿ ಸರ."

ಕೆಲವು ದಿನಗಳ ಮೇಲೆ ಹೋದಾಗ, ಮಣ್ಣಿನಲ್ಲಿ ರಂಜಕ ಬೇಕಾದಷ್ಟಿದೆ, ಈ ಸಲ ರಂಜಕ ಕೊಡುವ ಡಿಎಪಿ ಬೇಡ, ಬರೀ ಯೂರಿಯಾ ಸಾಕು ಎಂದರು. ಅಕ್ಕನಿಗೆ ಹಿಗ್ಗೋ ಹಿಗ್ಗು. "ನೋಡಲೇ, ನಮ್ಮಪ್ಪ ಮಣ್ಣಾಗ ಕೂಡಿಟ್ಟು ಹೋಗ್ಯಾನ" ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು. ಸಾಹೇಬರು ಹೇಳಿದಂತೆಯೇ ಬಿತ್ತಿದಳು.

ಆ ಸಲ ಬೆಳೆ ಮೊಣಕಾಲಿಗೂ ಬರಲಿಲ್ಲ. ಎಲೆಯ ಅಂಚು ನೇರಳೆ ಹಣ್ಣು ತಿಂದ ತುಟಿಯ ಬಣ್ಣಕ್ಕೆ ತಿರುಗಿತು. ನೋಡಿದವರೆಲ್ಲ ಲಾರಿ ಧೂಳು ಬಡಿದಿದೆ ಎಂದರು. ಧೂಳೇನೋ ಇತ್ತು, ಎಲೆಯ ಮೇಲೆ ಬೆರಳಲ್ಲಿ ಗೀಚಬಹುದಾಗಿತ್ತು. ಒಂದು ಸಂಜೆ ನಾನು ಬಂದಾಗ ಅಕ್ಕ ಬಕೆಟ್ ಇಟ್ಟುಕೊಂಡು, ಒದ್ದೆ ಬಟ್ಟೆಯಿಂದ ಎಲೆಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಧೂಳು ಹೋಗುತ್ತಿತ್ತು. ಕೆಳಗಿನ ನೇರಳೆ ಹೋಗುತ್ತಿರಲಿಲ್ಲ.

ಮರುದಿನ ಎರಡು ಎಲೆ ಕಿತ್ತುಕೊಂಡು ಅದೇ ಸಾಹೇಬರ ಹತ್ತಿರ ಹೋದೆ. ಅಕ್ಕ ಮೊದಲೆಲ್ಲ ಕಂಪ್ಲಿಯಲ್ಲಿ ಎರಚಿದ ಹಾಗೇ ಇಲ್ಲೂ ಡಿಎಪಿ ಎರಚುತ್ತಿದ್ದುದನ್ನೂ ಹೇಳಿದೆ.

"ಇದು ಧೂಳಲ್ಲಪಾ, ರಂಜಕದ ಕೊರತಿ" ಎಂದರು. "ನಿಮ್ಮ ಮಸಾರ್ಯಾಗ ಕಬ್ಬಿಣ ಭಾಳ. ರಂಜಕ ಸಿಕ್ತು ಅಂದ್ರ ಮುಷ್ಟಿ ಹಿಡದು ಕುಂದ್ರತೈತಿ, ಬೇರಿಗೆ ಬಿಟ್ಟುಕೊಡಂಗಿಲ್ಲ. ಕಂಪ್ಲಿ ಗದ್ದ್ಯಾಗ ನೀರು ನಿಂತು ಆ ಮುಷ್ಟಿ ಸಡ್ಲ ಆಕೈತಿ. ಇಲ್ಲಿ ಎರಚಿದ್ರ ಅರ್ಧ ಗೊಬ್ಬರಾನ ಮಣ್ಣು ಹಿಡಕೊಂತೈತಿ, ಮ್ಯಾಲಿಂದು ಮಳಿಗೆ ಮಣ್ಣಿನ ಜೋಡಿ ಕೊಚ್ಚಿ ಹಳ್ಳಕ್ಕೆ ಹೊಕ್ಕೈತಿ. ಮುಂದಿನ ಸಲ ಸಾಲಿನಾಗ, ಬೀಜದ ಮಗ್ಗಲಿಗೆ ಹಾಕ್ರಿ, ತಿಪ್ಪಿ ಗೊಬ್ಬರ ಕೂಡಿಸಿ. ಆದ್ರ ಆವತ್ತಿನ ಮಣ್ಣಿನಾಗ ಅಷ್ಟಿತ್ತಲ್ಲ, ಅದೆಂಗ?"

ನಾನು ಎಲೆಗಳನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಅವತ್ತೇ ಹೇಳಬಹುದಿತ್ತು. ಹೇಳಿದ್ದರೆ ಅಕ್ಕ ನಾಲ್ಕು ಮಾತು ಬೈದು, ಮುಂದಿನ ಮಳೆಗಾಲಕ್ಕೆ ಸಾಲಿನಲ್ಲಿ ಗೊಬ್ಬರ ಹಾಕಿ ಬಿತ್ತುತ್ತಿದ್ದಳು. ಮನೆಗೆ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. "ಸಾಹೇಬ್ರೇನಾರ ಸಿಕ್ಕಿದ್ರೇನಲೇ?" ಎಂದಳು. "ಇಲ್ಲಬೇ" ಎಂದೆ. ಬಿಸಿ ರೊಟ್ಟಿ ತಟ್ಟೆಗೆ ಹಾಕಿದಳು, ತಿಂದೆ.

ಧೂಳು ನಿಲ್ಲುವುದಿಲ್ಲ, ಈ ಭೂಮಿ ಇನ್ನು ಸತ್ತ ಹಾಗೆಯೇ ಎಂದು ಅಕ್ಕ ತೀರ್ಮಾನಿಸಿದಳು. ಅದಿರು ಸುರಿಯಲು ಜಾಗ ಹುಡುಕುತ್ತಿದ್ದವರು ಕೇಳಿಕೊಂಡು ಬಂದರು, ಹೊಲ ಬಾಡಿಗೆಗೆ ಕೊಟ್ಟಳು. ಬೀಜ ಬಿದ್ದ ಸಾಲುಗಳ ಮೇಲೆ ಅದಿರಿನ ಗುಡ್ಡೆ ಬಿತ್ತು. ನನ್ನ ಲಾರಿಯೂ ಅಲ್ಲಿಯೇ ಸುರಿಯಿತು. ಅಕ್ಕ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋದಳು. ಹೊಲದ ಮುಂದೆ ಬಸ್ಸು ಹಾಯುವಾಗ ಆ ಕಡೆಯ ಕಿಟಕಿಗೆ ಕೂರುತ್ತಿರಲಿಲ್ಲ.

ಗಣಿ ನಿಂತ ಮೇಲೆ ಗುಡ್ಡೆ ಎತ್ತಿಕೊಂಡು ಹೋದರು. ಹೊಲ ಲಾರಿ ತುಳಿದು ಗಟ್ಟಿಯಾಗಿತ್ತು. ನನಗೂ ಓಡಿಸಲು ಲಾರಿ ಇರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ತಾನೇ ಎದ್ದು, "ನಡಿ, ಮತ್ತೊಮ್ಮೆ ಮಣ್ಣು ತೋರಿಸಣು" ಎಂದಳು. ಹಾರೆ ನನ್ನ ಹೆಗಲ ಮೇಲಿತ್ತು, ಚೀಲ ಅವಳ ಕೈಯಲ್ಲಿ. ಹೊಲದ ನಡುವೆ ಹೋಗಿ ನಿಂತೆವು. ನಾನು ಹಾರೆ ಎತ್ತಿದೆ.

ಅಕ್ಕ ಚೀಲದ ಬಾಯಿ ಅಗಲಿಸಿ ಹಿಡಿದು, "ಹೋದ ಸಲ ಹೆಂಗ ತಗದಿದ್ದಿ, ಹಂಗ ತಗಿ. ಆವಾಗ ನಮ್ಮ ಮಣ್ಣು ಎಷ್ಟು ಚಲೋ ಬಂದಿತ್ತು" ಎಂದಳು.

ಹಾರೆ ಕೆಳಗಿಟ್ಟೆ. ಅಲ್ಲಿಂದಲೇ ಹೊಲದ ಬಾಯಿಯ ಕಡೆ ಕೈ ತೋರಿಸಿದೆ.

"ಅದು ತಿಪ್ಪಿ ಜಾಗದ್ದು."

"ಏನಂದಿ?"

"ಹೋದ ಸಲದ ಮಣ್ಣು. ಹೊಲದೊಳಗ ನಾ ಬರಲೇ ಇಲ್ಲ. ಬೆಳಿ ಕೆಟ್ಟಿದ್ದು ಧೂಳಿಂದ ಅಲ್ಲ, ರಂಜಕ ಸಾಲದೇ. ಸಾಹೇಬ್ರು ನನಗ ಆವಾಗ್ಲೇ ಹೇಳಿದ್ರು."

ಅವಳ ಕೈಯಲ್ಲಿ ಚೀಲ ಹಾಗೇ ಬಾಯಿ ತೆರೆದುಕೊಂಡಿತ್ತು. ಎಲೆ ಒರೆಸುತ್ತಿದ್ದ ಸಂಜೆ ಅವಳಿಗೂ ನೆನಪಾಯಿತೇನೋ, ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ನಿನ್ನ ಹೊಲ ಸತ್ತಿರಲಿಲ್ಲಕ್ಕಾ" ಎಂದೆ. "ಗೊತ್ತಿದ್ದೂ ಬಾಯಿ ಮುಚಗೊಂಡು ಕುಂತೆ. ತಪ್ಪಾತಕ್ಕ, ನಂದು ತಪ್ಪಾತು."